ಪಾಚಿ ಪರೀಕ್ಷೆ ಕೈಕೊಟ್ಟಾಗ ಮೊದಲು ಕಂಟ್ರೋಲ್ ಫ್ಲಾಸ್ಕ್ ನೋಡಿ

ಕೈಗಾರಿಕಾ ರಾಸಾಯನಿಕವೊಂದು ಸಿಹಿನೀರಿನ ಪಾಚಿಯ ಬೆಳವಣಿಗೆಯನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ 72 ಗಂಟೆಗಳ ಪರೀಕ್ಷೆಗೆ ದೊಡ್ಡ ಉಪಕರಣವೇನೂ ಬೇಡ. ಒಂದಿಷ್ಟು ಕೋನಿಕಲ್ ಫ್ಲಾಸ್ಕ್, ಬೆಳಕಿನ ಕೆಳಗೆ ಇಟ್ಟ ಶೇಕರ್, ಲವಣಗಳ ಮೀಡಿಯಂ (ಪಾಚಿ ಬೆಳೆಸುವ ದ್ರವ), ಎಣಿಸಲು ಮೈಕ್ರೋಸ್ಕೋಪ್ ಅಥವಾ ಪಾಚಿಯ ಹೊಳಪಿನಿಂದ ಅದರ ಪ್ರಮಾಣ ಅಳೆಯುವ ಫ್ಲೋರಿಮೀಟರ್ ಇದ್ದರೆ ಸಾಕು. ಆದರೂ ಮೀನು ಮತ್ತು ಡ್ಯಾಫ್ನಿಯಾ (ನೀರುಚಿಗಟ) ಪರೀಕ್ಷೆಗಳಿಗಿಂತ ಇದು ದಾರಿ ತಪ್ಪುವುದು ಸುಲಭ. ಮೀನು ತೊಟ್ಟಿಯ ನೀರಿನಲ್ಲಿ ಸುಮ್ಮನೆ ಇರುತ್ತದೆ. ಪಾಚಿ ಹಾಗಲ್ಲ, ಮೂರು ದಿನದಲ್ಲಿ ನೂರು ಪಟ್ಟು ಬೆಳೆಯುತ್ತಾ ತಾನಿರುವ ನೀರನ್ನೇ ಬದಲಿಸಿಬಿಡುತ್ತದೆ. ನೀರಿನ ಇಂಗಾಲ ತಿನ್ನುತ್ತದೆ, ಪಿಎಚ್ ಏರಿಸುತ್ತದೆ, ಬೆಳಕಿಗೆ ಅಡ್ಡ ನಿಲ್ಲುತ್ತದೆ, ನೀವು ಹಾಕಿದ ರಾಸಾಯನಿಕವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಕೊನೆಗೆ ಬಂದ ಸಂಖ್ಯೆಯಲ್ಲಿ ರಾಸಾಯನಿಕದ ಪಾಲು ಎಷ್ಟು, ಫ್ಲಾಸ್ಕ್ ಮತ್ತು ಕೋಣೆಯ ಪಾಲು ಎಷ್ಟು ಎಂದು ಬಿಡಿಸುವುದೇ ನಿಜವಾದ ಕೆಲಸ.

ಈ ಸಂಖ್ಯೆಯ ಮೇಲೆ ನಿಂತಿರುವುದು ಸಣ್ಣ ವಿಷಯವಲ್ಲ. ರಾಸಾಯನಿಕಗಳ ನೋಂದಣಿಗಾಗಿ ಇರುವ ಯುರೋಪಿನ ರೀಚ್ ನಿಯಮದಲ್ಲಿ, ತಯಾರಿಕೆ ಅಥವಾ ಆಮದು ವರ್ಷಕ್ಕೆ 1 ಟನ್ ದಾಟುವ ರಾಸಾಯನಿಕಕ್ಕೇ ಪಾಚಿ ಪರೀಕ್ಷೆಯ ಮಾಹಿತಿ ಕೇಳುತ್ತಾರೆ. ಜಾಗತಿಕ ವರ್ಗೀಕರಣ ಪದ್ಧತಿಯಲ್ಲಿ ಲೀಟರಿಗೆ 1 ಮಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆ ಅರ್ಧಕ್ಕೆ ಇಳಿದರೆ ಅದು ಜಲಜೀವಿಗಳಿಗೆ ತೀವ್ರ ವಿಷಕಾರಿಗಳ ಮೊದಲ ವರ್ಗಕ್ಕೆ ಸೇರುತ್ತದೆ. ಪರಸ್ಪರ ದತ್ತಾಂಶ ಒಪ್ಪಿಗೆಯ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ವ್ಯವಸ್ಥೆಗೆ ಭಾರತ 2011ರಲ್ಲಿ ಪೂರ್ಣವಾಗಿ ಸೇರಿದ ಮೇಲೆ, ಬೆಂಗಳೂರಿನ ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಪ್ರಮಾಣಿತ ಲ್ಯಾಬ್ ಕೊಟ್ಟ ಫಲಿತಾಂಶವನ್ನು ಆ ವ್ಯವಸ್ಥೆಯ ಬೇರೆ ದೇಶಗಳೂ ಒಪ್ಪಬೇಕು. ಇಲ್ಲಿ ತಪ್ಪಾದರೆ ಆ ತಪ್ಪು ಎಲ್ಲ ಕಡೆಗೂ ಹೋಗುತ್ತದೆ.

ಈ ಬರಹ ಒಇಸಿಡಿಯ 201ನೇ ಮಾರ್ಗಸೂಚಿಯನ್ನು, ಅದರಲ್ಲೂ ಹೆಚ್ಚಾಗಿ ಬಳಸುವ ರಾಫಿಡೊಸೆಲಿಸ್ ಸಬ್‌ಕ್ಯಾಪಿಟಾಟಾ ಎಂಬ ಹಸಿರು ಪಾಚಿಯನ್ನು ಮುಂದಿಟ್ಟುಕೊಂಡಿದೆ. 1959ರಲ್ಲಿ ನಾರ್ವೆಯ ನಿಟೆಲ್ವಾ ನದಿಯಿಂದ ಬೇರ್ಪಡಿಸಿದ ತಳಿ ಇದು. ಹಳೆಯ ವರದಿಗಳಲ್ಲಿ ಸೆಲೆನಾಸ್ಟ್ರಮ್ ಕ್ಯಾಪ್ರಿಕಾರ್ನ್ಯೂಟಮ್ ಎಂದೋ ಸೂಡೊಕಿರ್ಚ್ನೆರಿಯೆಲ್ಲಾ ಸಬ್‌ಕ್ಯಾಪಿಟಾಟಾ ಎಂದೋ ಕಂಡರೆ ಗಾಬರಿ ಬೇಡ, ಅದೂ ಇದೇ.

ಕಂಟ್ರೋಲ್ ಹೇಳುವುದನ್ನು ಓದುವುದು

ರಾಸಾಯನಿಕ ಹಾಕದ ಕಂಟ್ರೋಲ್ ಫ್ಲಾಸ್ಕ್‌ಗಳಿಗೆ ಮಾರ್ಗಸೂಚಿ ಮೂರು ಷರತ್ತು ಹಾಕುತ್ತದೆ. 72 ಗಂಟೆಯಲ್ಲಿ ಪಾಚಿ ಕನಿಷ್ಠ 16 ಪಟ್ಟು ಆಗಿರಬೇಕು, ಅಂದರೆ ದಿನಕ್ಕೆ 0.92ರ ಬೆಳವಣಿಗೆ ದರ (ಎಷ್ಟು ಪಟ್ಟಾಯಿತೋ ಆ ಸಂಖ್ಯೆಯ ಸ್ವಾಭಾವಿಕ ಲಾಗರಿದಮ್ ಅನ್ನು ದಿನಗಳಿಂದ ಭಾಗಿಸಿದ್ದು). ಒಂದೊಂದು ದಿನದ ದರವನ್ನು ಬೇರೆ ಬೇರೆ ಲೆಕ್ಕ ಹಾಕಿದಾಗ ಅವುಗಳ ನಡುವಿನ ವ್ಯತ್ಯಾಸ ಗುಣಾಂಕದ (ಏರಿಳಿತ ಸರಾಸರಿಯ ಶೇಕಡಾ ಎಷ್ಟು ಎಂಬ ಅಳತೆ) ಸರಾಸರಿ ಶೇ. 35 ದಾಟಬಾರದು. ಫ್ಲಾಸ್ಕ್‌ನಿಂದ ಫ್ಲಾಸ್ಕ್‌ಗೆ ಒಟ್ಟು ದರದ ವ್ಯತ್ಯಾಸ ಗುಣಾಂಕ ಈ ಪಾಚಿಯ ಮಟ್ಟಿಗೆ ಶೇ. 7 ದಾಟಬಾರದು. ಇವುಗಳ ಜೊತೆಗೆ, ಕಂಟ್ರೋಲ್‌ನ ಪಿಎಚ್ 1.5ಕ್ಕಿಂತ ಹೆಚ್ಚು ಏರಬಾರದು ಎಂಬ ಸೂಚನೆಯೂ ಇದೆ.

ಹೆಚ್ಚಿನವರು ಮೊದಲ ಷರತ್ತನ್ನು ನೋಡಿ ನಿಟ್ಟುಸಿರು ಬಿಡುತ್ತಾರೆ. 16 ಪಟ್ಟು ಬಹಳ ಕೆಳಗಿನ ಗೆರೆ. ಆರೋಗ್ಯವಾಗಿರುವ ಕಲ್ಚರ್ ದಿನಕ್ಕೆ 1.5ರಿಂದ 1.7ರ ದರದಲ್ಲಿ ಬೆಳೆಯುತ್ತದೆ, ಮೂರು ದಿನಕ್ಕೆ 90ರಿಂದ 160 ಪಟ್ಟಿನಷ್ಟು. 20 ಪಟ್ಟು ಬೆಳೆದ ಕಂಟ್ರೋಲ್ ಕಾಗದದ ಮೇಲೆ ಪಾಸ್ ಆಗಬಹುದು, ಆದರೆ ನನ್ನ ದೃಷ್ಟಿಯಲ್ಲಿ ಅದು ಕಾಯಿಲೆ ಬಿದ್ದ ಕಲ್ಚರ್. ಅದರ ಮೇಲೆ ಅಳೆದ ವಿಷತ್ವವನ್ನು ನಾನು ನಂಬುವುದಿಲ್ಲ.

ದೋಷ ಹಿಡಿಯಲು ಅತಿ ಹೆಚ್ಚು ನೆರವಾಗುವುದು ಎರಡನೆಯ ಷರತ್ತು. ಒಂದು ಲೆಕ್ಕ ನೋಡಿ. ಒಂದು ಪರೀಕ್ಷೆಯ ಕಂಟ್ರೋಲ್‌ನಲ್ಲಿ ದಿನದ ದರಗಳು 0.6, 1.6, 1.6 ಎಂದುಕೊಳ್ಳಿ. ಇನ್ನೊಂದರಲ್ಲಿ 1.6, 1.5, 0.7. ಎರಡರಲ್ಲೂ ಒಟ್ಟು 3.8. ಮಿಲೀಗೆ 5,000 ಕೋಶದಿಂದ ಶುರುವಾದರೆ ಎರಡೂ ಮೂರನೆಯ ದಿನಕ್ಕೆ ಸುಮಾರು 2.2 ಲಕ್ಷ ಕೋಶಕ್ಕೆ, ಅಂದರೆ 45 ಪಟ್ಟಿಗೆ ಬಂದು ನಿಲ್ಲುತ್ತವೆ. ಕೊನೆಯ ದಿನ ಮಾತ್ರ ಎಣಿಸಿದವರಿಗೆ ಎರಡೂ ಒಂದೇ. ಆದರೆ ಮೊದಲನೆಯದರ ಗುಣಾಂಕ ಶೇ. 46, ಎರಡನೆಯದರದು ಶೇ. 39. ಎರಡೂ ಫೇಲ್. ಮುಖ್ಯವಾಗಿ, ಎರಡಕ್ಕೂ ಇರುವ ಕಾಯಿಲೆ ಬೇರೆ ಬೇರೆ. ಮೊದಲನೆಯದು ತಡವಾಗಿ ಎದ್ದಿದೆ, ಎರಡನೆಯದು ಬೇಗ ಸುಸ್ತಾಗಿದೆ. ಆದ್ದರಿಂದ 24, 48, 72 ಗಂಟೆ ಮೂರೂ ಎಣಿಕೆ ಇಲ್ಲದೆ ಯಾವ ದೋಷದ ಬೆನ್ನೂ ಹತ್ತಬೇಡಿ.

ಮೊದಲ ದಿನ ನಿಧಾನ, ಆಮೇಲೆ ಸರಿ

ಇದಕ್ಕೆ ಸಾಮಾನ್ಯ ಕಾರಣ ಪ್ರೀ-ಕಲ್ಚರ್, ಅಂದರೆ ಪರೀಕ್ಷೆಗೆಂದು ಮುಂಚೆಯೇ ಬೆಳೆಸಿಕೊಳ್ಳುವ ಪಾಚಿ. ಪರೀಕ್ಷೆಗೆ 2ರಿಂದ 4 ದಿನ ಮೊದಲು ಅದೇ ಮೀಡಿಯಂ, ಅದೇ ಬೆಳಕು, ಅದೇ ತಾಪಮಾನದಲ್ಲಿ ಹೊಸದಾಗಿ ಶುರುಮಾಡಿ, ಅದು ಇನ್ನೂ ವೇಗವಾಗಿ ಬೆಳೆಯುತ್ತಿರುವಾಗಲೇ ಅದರಿಂದ ಕೋಶ ತೆಗೆಯಬೇಕು. ವಾರಗಟ್ಟಲೆ ಕಪಾಟಿನಲ್ಲಿದ್ದು ಕಡುಹಸಿರಾದ ಸ್ಟಾಕ್‌ನಿಂದ ನೇರವಾಗಿ ತೆಗೆದರೆ ಕೋಶಗಳು ಎಚ್ಚರಗೊಳ್ಳಲು ಒಂದು ದಿನ ಬೇಕಾಗುತ್ತದೆ. ಫ್ರಿಜ್‌ನಿಂದ ತೆಗೆದ ಹಳೆಯ ಹೆಪ್ಪು ಹಾಕಿದ ಹಾಲು ತಡವಾಗಿ ಮೊಸರಾಗುವಂತೆ. ಅಗರ್ ಸ್ಲಾಂಟ್‌ನಿಂದ ತಂದ ಪಾಚಿಯನ್ನಂತೂ ದ್ರವ ಮೀಡಿಯಂನಲ್ಲಿ ಒಂದೆರಡು ಸಲ ಮರುಬೆಳೆಸದೆ ಬಳಸಲೇಬಾರದು. ಪ್ರೀ-ಕಲ್ಚರನ್ನು ಒಂದು ಮೀಡಿಯಂನಲ್ಲಿ ಬೆಳೆಸಿ ಪರೀಕ್ಷೆಯನ್ನು ಇನ್ನೊಂದರಲ್ಲಿ ಮಾಡಿದರೂ ಇದೇ ಲಕ್ಷಣ ಕಾಣುತ್ತದೆ.

ಪ್ರೀ-ಕಲ್ಚರ್ ಸರಿಯಿದೆ ಎಂದಾದರೆ, ನಿಮ್ಮ ಅಳತೆಯೇ ಸುಳ್ಳು ಹೇಳುತ್ತಿರಬಹುದು. ಫ್ಲೋರಿಮೀಟರ್‌ನಲ್ಲಿ ಪಾಚಿಯಿಲ್ಲದ ಮೀಡಿಯಂನ ಹಿನ್ನೆಲೆ ಮೌಲ್ಯ ಕಳೆಯುವುದು ಮರೆತರೆ ಏನಾಗುತ್ತದೆ ನೋಡಿ. ಹಿನ್ನೆಲೆ 4,000 ಕೋಶಕ್ಕೆ ಸಮ ಎಂದಿಟ್ಟುಕೊಳ್ಳಿ, ನಿಜವಾದ ದರ ಎಲ್ಲ ದಿನವೂ 1.6. ಶುರುವಿನ 5,000 ಕೋಶ 9,000 ಎಂದು ಓದುತ್ತದೆ, ಮೊದಲ ದಿನದ 24,800 ಕೋಶ 28,800 ಎಂದು. ಲೆಕ್ಕಕ್ಕೆ ಬರುವ ದರ 1.16. ಎರಡನೆಯ ದಿನಕ್ಕೆ ಕೋಶ ಲಕ್ಷ ದಾಟಿರುವುದರಿಂದ 4,000ದ ಹೊರೆ ನಗಣ್ಯವಾಗಿ ದರ 1.48ಕ್ಕೆ ಏರುತ್ತದೆ. ಕಾಗದದ ಮೇಲೆ ಕಲ್ಚರ್ ತಡವಾಗಿ ಎದ್ದಂತೆ ಕಾಣುತ್ತದೆ, ಫ್ಲಾಸ್ಕ್‌ನಲ್ಲಿ ಅದು ಮೊದಲ ಗಂಟೆಯಿಂದಲೇ ಚೆನ್ನಾಗಿ ಬೆಳೆಯುತ್ತಿತ್ತು. ಅದಕ್ಕೇ ಫ್ಲೋ ಸೈಟೋಮೀಟರಿನಷ್ಟು ನಿಖರವಾದ ಉಪಕರಣ ಇಲ್ಲದಿದ್ದರೆ ಸೊನ್ನೆ ಗಂಟೆಯ ಮೌಲ್ಯವಾಗಿ ಅಳೆದದ್ದನ್ನು ಬಿಟ್ಟು, ಪ್ರೀ-ಕಲ್ಚರಿನ ದಟ್ಟಣೆಯಿಂದ ಲೆಕ್ಕ ಹಾಕಿ ಸೇರಿಸಿದ ಕೋಶಸಂಖ್ಯೆಯನ್ನೇ ಬಳಸುವುದು ಒಳ್ಳೆಯದು. ಮಾರ್ಗಸೂಚಿಯ ಸಲಹೆಯೂ ಅದೇ.

ಕೊನೆಯ ದಿನ ಸುಸ್ತು: ಪಿಎಚ್ ಮತ್ತು ಇಂಗಾಲ

ನನ್ನ ಪ್ರಕಾರ ಅತಿ ಹೆಚ್ಚು ಪರೀಕ್ಷೆಗಳನ್ನು ಸದ್ದಿಲ್ಲದೆ ಕೆಡಿಸುವುದು ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡೋಣ.

ಒಇಸಿಡಿ ಮೀಡಿಯಂನ ಒಂದು ಲೀಟರಿನಲ್ಲಿ 50 ಮಿಗ್ರಾಂ ಸೋಡಿಯಂ ಬೈಕಾರ್ಬನೇಟ್ ಇರುತ್ತದೆ. ಅದರಲ್ಲಿರುವ ಇಂಗಾಲ ಸುಮಾರು 7 ಮಿಗ್ರಾಂ. ಈ ಪಾಚಿಯ ಒಂದು ಕೋಶದ ಒಣತೂಕ ಒಂದು ಮಿಲಿಗ್ರಾಂನ ಹತ್ತು ಕೋಟಿಯಲ್ಲಿ ಎರಡು ಮೂರು ಪಾಲಿನಷ್ಟು. ಮಿಲೀಗೆ 8 ಲಕ್ಷ ಕೋಶಕ್ಕೆ ಬಂದಾಗ ಲೀಟರಿನಲ್ಲಿ 16ರಿಂದ 24 ಮಿಗ್ರಾಂ ಒಣಪಾಚಿ. ಅದರ ಅರ್ಧ ಇಂಗಾಲ ಎಂದರೆ 8ರಿಂದ 12 ಮಿಗ್ರಾಂ. ಮೀಡಿಯಂನಲ್ಲಿದ್ದ ಎಲ್ಲ ಇಂಗಾಲವನ್ನೂ ತಿಂದರೂ ಸಾಲದು. ಬಾಕಿಯದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದಲೇ ಬರಬೇಕು. ಅದು ನೀರಿಗೆ ಇಳಿಯುವ ವೇಗ ಪಾಚಿಯ ಹಸಿವಿಗಿಂತ ಕಡಿಮೆಯಾದ ಗಳಿಗೆಯಿಂದ ಪಿಎಚ್ ಏರತೊಡಗುತ್ತದೆ. 8.1ರಿಂದ ಶುರುವಾದದ್ದು 9.5, 10ಕ್ಕೂ ಹೋಗಬಹುದು. ಬೆಳವಣಿಗೆ ಮಂದವಾಗುತ್ತದೆ.

ಕಂಟ್ರೋಲ್ ಮಂದವಾಗುವುದು ಸಮಸ್ಯೆಯ ಅರ್ಧ ಮಾತ್ರ. ರಾಸಾಯನಿಕ ಇರುವ ಫ್ಲಾಸ್ಕ್‌ಗಳಲ್ಲಿ ಪಾಚಿ ಕಡಿಮೆ, ಅಲ್ಲಿ ಪಿಎಚ್ ಏರುವುದಿಲ್ಲ, ಅವು ಕೊನೆಯ ದಿನವೂ ಹಾಯಾಗಿ ಬೆಳೆಯುತ್ತವೆ. ಕಂಟ್ರೋಲ್ ಕುಂಟುತ್ತದೆ, ವಿಷ ಉಂಡ ಫ್ಲಾಸ್ಕ್ ಅದನ್ನು ಹಿಂದಿನಿಂದ ಬಂದು ಮುಟ್ಟುತ್ತದೆ. ಫಲಿತಾಂಶದಲ್ಲಿ ರಾಸಾಯನಿಕ ಇರುವುದಕ್ಕಿಂತ ಸಾಧುವಾಗಿ ಕಾಣುತ್ತದೆ.

ಅಯಾನೀಕರಣಗೊಳ್ಳುವ ರಾಸಾಯನಿಕವಾದರೆ ಇನ್ನೂ ಕೆಟ್ಟದು. ಈ ಪರೀಕ್ಷೆಯಲ್ಲೇ ಉಲ್ಲೇಖ ವಸ್ತುವಾಗಿ (ಪರೀಕ್ಷೆ ಸರಿಯಿದೆಯೇ ಎಂದು ನೋಡಲು) ಬಳಸುವ 3,5-ಡೈಕ್ಲೋರೋಫೀನಾಲ್ ತೆಗೆದುಕೊಳ್ಳಿ. ಇದರ ಪಿಕೆಎ (ಅರ್ಧ ಭಾಗ ಅಯಾನಾಗುವ ಪಿಎಚ್) ಸುಮಾರು 8.2. ಪಿಎಚ್ 8.1ರಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಭಾಗ ವಿದ್ಯುದಂಶವಿಲ್ಲದ ರೂಪದಲ್ಲಿರುತ್ತದೆ, ಕೋಶಪೊರೆ ದಾಟಿ ಸುಲಭವಾಗಿ ಒಳಹೋಗುವುದು ಈ ರೂಪವೇ. ಪಿಎಚ್ 9.5ಕ್ಕೆ ಏರಿದರೆ ಆ ಪಾಲು ಶೇ. 5ರ ಆಸುಪಾಸಿಗೆ ಇಳಿಯುತ್ತದೆ. ನೀವು ತೂಗಿ ಹಾಕಿದ ಪ್ರಮಾಣ ಬದಲಾಗಿಲ್ಲ, ವಿಶ್ಲೇಷಣೆಯಲ್ಲೂ ಪೂರ್ತಿ ಸಿಗುತ್ತದೆ, ಆದರೆ ಪಾಚಿಗೆ ತಾಗುವ ವಿಷ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾಗಿದೆ. ಅಮೀನ್‌ಗಳಲ್ಲಿ ಪ್ರಬಲ ಕ್ಷಾರಗುಣ ಇರುವಂಥವು ಇದಕ್ಕೆ ತದ್ವಿರುದ್ಧ, ಪಿಎಚ್ ಏರಿದಷ್ಟೂ ಹೆಚ್ಚು ಒಳಹೋಗುತ್ತವೆ.

ಪರಿಹಾರ ಹುಡುಕುವಾಗ ಬಫರ್ ಸುರಿಯಲು ಹೋಗಬೇಡಿ. ಮೊದಲು ಶುರುವಿನ ಕೋಶಸಂಖ್ಯೆ ಇಳಿಸಿ, ಮಿಲೀಗೆ 10,000ದ ಬದಲು 5,000. ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ, ಆದರೆ ಕೊನೆಯ ದಿನದ ಹೊರೆ ಅರ್ಧವಾಗುತ್ತದೆ. 250 ಮಿಲೀ ಫ್ಲಾಸ್ಕ್‌ನಲ್ಲಿ 100 ಮಿಲೀಗಿಂತ ಹೆಚ್ಚು ತುಂಬಬೇಡಿ. ಶೇಕರ್ ನಿಜಕ್ಕೂ ತಿರುಗುತ್ತಿದೆಯೇ, ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಮತ್ತೆ ಶುರುವಾಯಿತೇ ನೋಡಿ. ಮುಚ್ಚಳ ಗಾಳಿಯಾಡುವಂಥದ್ದಾಗಿರಲಿ. ಬಿಗಿಯಾದ ಸಿಲಿಕೋನ್ ಬಿರಡೆ ಹಾಕಿ ಮೇಲೆ ಪ್ಯಾರಾಫಿಲ್ಮ್ ಸುತ್ತಿದ ಫ್ಲಾಸ್ಕ್‌ಗೆ ಇಂಗಾಲ ಎಲ್ಲಿಂದ ಬರಬೇಕು? ಟೊಲ್ವೀನ್‌ನಂಥ ಆವಿಯಾಗುವ ವಸ್ತುವಿಗೆ ಮುಚ್ಚಿದ ಬಾಟಲಿ ಅನಿವಾರ್ಯ. ಆಗ ಕೋಶಸಂಖ್ಯೆ ಕಡಿಮೆ ಇಟ್ಟು, ಬೈಕಾರ್ಬನೇಟ್ ಹೆಚ್ಚಿಸಿ, ಆ ಬದಲಾವಣೆಯನ್ನು ಕಂಟ್ರೋಲ್‌ನಲ್ಲಿ ಮೊದಲು ಪರೀಕ್ಷಿಸಿಕೊಂಡೇ ಮುಂದುವರಿಯಬೇಕು.

ಸಾರಜನಕದ ಮೂಲವೂ ಪಿಎಚ್ ಮೇಲೆ ಕೈಯಾಡಿಸುತ್ತದೆ. ನೈಟ್ರೇಟ್ ತಿಂದ ಪಾಚಿ ಪಿಎಚ್ ಏರಿಸುತ್ತದೆ, ಅಮೋನಿಯಂ ತಿಂದದ್ದು ಇಳಿಸುತ್ತದೆ. ಅಮೆರಿಕದ ಎಎಪಿ ಮೀಡಿಯಂನಲ್ಲಿ ನೈಟ್ರೇಟ್, ಒಇಸಿಡಿಯದರಲ್ಲಿ ಅಮೋನಿಯಂ ಇರುತ್ತದೆ. ಎಎಪಿಯಲ್ಲಿ ಬೈಕಾರ್ಬನೇಟ್ ಕೂಡ ಲೀಟರಿಗೆ 15 ಮಿಗ್ರಾಂ ಮಾತ್ರ. ಎರಡು ಲ್ಯಾಬ್‌ಗಳ ಪಿಎಚ್ ವರದಿ ಹೋಲಿಸುವಾಗ ಇದು ನೆನಪಿರಲಿ.

ಮೂರು ದಿನವೂ ಒಂದೇ ಸಮನೆ ನಿಧಾನ

ತಡವಾಗಿ ಎದ್ದಿಲ್ಲ, ಕೊನೆಗೆ ಸುಸ್ತಾಗಿಲ್ಲ, ದಿನಕ್ಕೆ 1.0 ಎಂದು ಉದ್ದಕ್ಕೂ ಎಳೆಯುತ್ತಿದೆ. ಬೆಳಕು, ತಾಪಮಾನ, ನೀರು, ಈ ಮೂರನ್ನು ಹಿಡಿಯಿರಿ.

ಬೆಳಕು ಚದರ ಮೀಟರಿಗೆ ಸೆಕೆಂಡಿಗೆ 60ರಿಂದ 120 ಮೈಕ್ರೋಮೋಲ್ ಫೋಟಾನ್ ಇರಬೇಕು. ಅಳೆಯಬೇಕಾದದ್ದು ಫ್ಲಾಸ್ಕ್ ಇರುವ ಎತ್ತರದಲ್ಲಿ. ಹಳೆಯ ಟ್ಯೂಬ್‌ಲೈಟ್ ಕಣ್ಣಿಗೆ ಬೆಳ್ಳಗೇ ಕಂಡರೂ ಮಂಕಾಗಿರುತ್ತದೆ. ಟ್ಯೂಬ್ ತೆಗೆದು ಎಲ್‌ಇಡಿ ಹಾಕಿಸಿದವರು ಹಳೆಯ ಲಕ್ಸ್ ಮೀಟರಿನ ಸಂಖ್ಯೆಯನ್ನೇ ನೆಚ್ಚಿಕೊಳ್ಳಬಾರದು, ಏಕೆಂದರೆ ಲಕ್ಸ್ ಮನುಷ್ಯನ ಕಣ್ಣಿನ ಅಳತೆ. ಕ್ವಾಂಟಮ್ ಮೀಟರ್ ಬೇಕು. ತಾಪಮಾನ 21ರಿಂದ 24 ಡಿಗ್ರಿಯ ವ್ಯಾಪ್ತಿಯಲ್ಲಿರಬೇಕು, ಆದರೆ ಇನ್‌ಕ್ಯುಬೇಟರಿನ ಬಾಗಿಲ ಮೇಲಿನ ಅಂಕಿ ಗಾಳಿಯದು. ದೀಪದ ಪಕ್ಕದ ಫ್ಲಾಸ್ಕ್‌ನ ನೀರು ಅದಕ್ಕಿಂತ ಬಿಸಿ ಇರಬಹುದು. ನೀರು ತುಂಬಿದ ಫ್ಲಾಸ್ಕ್‌ನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ.

ನೀರಿನ ವಿಷಯಕ್ಕೆ ಬಂದರೆ ಅನುಮಾನ ಮೊದಲು ಹೋಗಬೇಕಾದದ್ದು ತಾಮ್ರದ ಕಡೆಗೆ. ಒಇಸಿಡಿ ಮೀಡಿಯಂನಲ್ಲಿ ಲೋಹಗಳನ್ನು ಕಟ್ಟಿಹಾಕುವ ಇಡಿಟಿಎ ಎಂಬ ವಸ್ತು ಲೀಟರಿಗೆ 0.1 ಮಿಗ್ರಾಂ, ಅಂದರೆ 0.27 ಮೈಕ್ರೋಮೋಲ್. ಕಬ್ಬಿಣವೇ 0.24 ಮೈಕ್ರೋಮೋಲ್ ಇದೆ. ಆ ಕಬ್ಬಿಣವೆಲ್ಲ ಇಡಿಟಿಎ ಹಿಡಿದುಕೊಂಡರೆ ಬೇರೆ ಲೋಹ ಕಟ್ಟಿಹಾಕಲು ಉಳಿಯುವುದು 0.03 ಮೈಕ್ರೋಮೋಲ್, ಲೀಟರಿಗೆ 2 ಮೈಕ್ರೋಗ್ರಾಂ ತಾಮ್ರಕ್ಕೆ ಸಮ. ಹಿತ್ತಾಳೆಯ ನಲ್ಲಿ, ತಾಮ್ರದ ಕೊಳವೆ, ಅವಧಿ ಮೀರಿದ ಡಿಅಯಾನೈಸರ್ ಕಾರ್ಟ್ರಿಜ್ ಇದಕ್ಕಿಂತ ಹೆಚ್ಚು ಬಿಡಬಲ್ಲವು. ಪತ್ತೆ ಸುಲಭ. ಬೇರೆ ಮೂಲದ ಒಳ್ಳೆಯ ನೀರು ತಂದು ಅದೇ ಸ್ಟಾಕ್ ದ್ರಾವಣಗಳಿಂದ (ಗಾಢವಾಗಿ ಮಾಡಿಟ್ಟ ಲವಣ ದ್ರಾವಣಗಳು) ಮೀಡಿಯಂ ಮಾಡಿ ಪಕ್ಕಪಕ್ಕದಲ್ಲಿ ಬೆಳೆಸಿ. ಇನ್ನೊಂದು ಸಾಲಿನಲ್ಲಿ ನಿಮ್ಮ ನೀರಿಗೇ ಇಡಿಟಿಎ ತುಸು ಹೆಚ್ಚಿಸಿ. ಇಡಿಟಿಎ ಹಾಕಿದಾಗ ಬೆಳವಣಿಗೆ ಚೇತರಿಸಿಕೊಂಡರೆ ಕಳ್ಳ ಲೋಹವೇ.

ಸ್ಟಾಕ್‌ಗಳ ಮಾತೂ ಇಲ್ಲೇ ಬರುತ್ತದೆ. ಕಬ್ಬಿಣ-ಇಡಿಟಿಎ ಮತ್ತು ಬೈಕಾರ್ಬನೇಟ್ ಸ್ಟಾಕ್‌ಗಳನ್ನು ಆಟೋಕ್ಲೇವ್ ಮಾಡಬಾರದು, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಬೇಕು. ಎಲ್ಲ ಬೆರೆಸಿದ ಮೇಲೆ ಮೀಡಿಯಂನ ತಳದಲ್ಲಿ ಮಬ್ಬು ಪುಡಿ ಕಂಡರೆ ಕಬ್ಬಿಣವೂ ಫಾಸ್ಫೇಟೂ ಕೂತುಬಿಟ್ಟಿವೆ ಎಂದು ತಿಳಿಯಿರಿ, ಚೆಲ್ಲಿ ಹೊಸದು ಮಾಡಿ.

ಒಂದು ಫ್ಲಾಸ್ಕ್ ಹಾಗೆ, ಇನ್ನೊಂದು ಹೀಗೆ

ಶೇ. 7ರ ಷರತ್ತು ಮುರಿದಾಗ ಎಣಿಕೆಗಳನ್ನು ಫ್ಲಾಸ್ಕ್ ನಂಬರಿನ ಬದಲು ಶೇಕರಿನ ಮೇಲಿನ ಜಾಗದ ಪ್ರಕಾರ ಬರೆಯಿರಿ. ಅಂಚಿನವು ಕಡಿಮೆ, ನಡುವಿನವು ಹೆಚ್ಚು ಎಂದಾದರೆ ಬೆಳಕು ಸಮವಾಗಿಲ್ಲ, ಅದು ಸರಾಸರಿಯಿಂದ ಶೇ. 15ರೊಳಗಿರಬೇಕು. ಜಾಗಗಳನ್ನು ಚೀಟಿ ಎತ್ತಿ ಹಂಚಿ, ದಿನವೂ ಬದಲಿಸಿ. ಜಾಗಕ್ಕೂ ಎಣಿಕೆಗೂ ನಂಟಿಲ್ಲದಿದ್ದರೆ ಗಾಜನ್ನು ಅನುಮಾನಿಸಿ, ಸೋಪಿನ ಶೇಷವೋ ಹಿಂದಿನ ಪರೀಕ್ಷೆಯ ವಸ್ತುವೋ ಉಳಿದಿರುತ್ತದೆ. ಮತ್ತೆ, ಒಂದು ಹನಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಲೇಬೇಕು. ಓಡಾಡುವ ಸಿಲಿಯೇಟ್ ಒಂದಿದ್ದರೂ ಅದು ಪಾಚಿಯನ್ನು ಮೇಯುತ್ತಿದೆ, ಆ ಸ್ಟಾಕ್ ಕಲ್ಚರ್ ಉಳಿಸಿಕೊಳ್ಳುವ ಆಸೆ ಬಿಡಿ.

ಕಂಟ್ರೋಲ್ ಸರಿ, ರಾಸಾಯನಿಕದ ಸಾಲು ವಿಚಿತ್ರ

ಇಲ್ಲಿಗೆ ಬರುವಷ್ಟರಲ್ಲಿ ಕಂಟ್ರೋಲ್ ನಿರಪರಾಧಿ ಎಂದು ಖಚಿತವಾಗಿರಬೇಕು.

ವಿಷ ಇದೆ ಎಂದು ಗೊತ್ತಿದ್ದ ವಸ್ತು ಏನೂ ಮಾಡುತ್ತಿಲ್ಲ ಎಂದಾದರೆ ಅದು ನೀರಿನಲ್ಲಿ ಉಳಿದಿದೆಯೇ ಎಂದು ಅಳೆಯಿರಿ. ಸೋಂಕುನಾಶಕಗಳಲ್ಲಿ ಬಳಸುವ ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳು ಧನ ವಿದ್ಯುದಂಶ ಉಳ್ಳವು, ಗಾಜಿಗೂ ಪಾಚಿಗೂ ಅಂಟುತ್ತವೆ. 72 ಗಂಟೆಯ ಹೊತ್ತಿಗೆ ನೀರಿನಲ್ಲಿ ಉಳಿಯುವುದು ಹಾಕಿದ್ದಕ್ಕಿಂತ ಬಹಳ ಕಡಿಮೆ. ಪಾಚಿ ಹಾಕದ ಒಂದು ಫ್ಲಾಸ್ಕನ್ನು ಅದೇ ಪ್ರಮಾಣದಲ್ಲಿ ಜೊತೆಗೆ ಇಟ್ಟರೆ ನಷ್ಟ ಗಾಜಿಗೋ, ಗಾಳಿಗೋ, ಪಾಚಿಗೋ ಎಂದು ಬಿಡಿಸಬಹುದು. ಪ್ರಮಾಣ ಶೇ. 20ಕ್ಕಿಂತ ಹೆಚ್ಚು ಕುಸಿದಿದ್ದರೆ ಲೆಕ್ಕವನ್ನು ಅಳೆದ ಮೌಲ್ಯಗಳ ಜ್ಯಾಮಿತೀಯ ಸರಾಸರಿಯ ಮೇಲೆ ಮಾಡಿ.

ಕೆಳಗಿನ ಪ್ರಮಾಣಗಳಲ್ಲಿ ಕಂಟ್ರೋಲ್‌ಗಿಂತ ಹೆಚ್ಚು ಬೆಳೆದರೆ ವಸ್ತುವಿನಲ್ಲಿ ಫಾಸ್ಫೇಟ್, ಸಾರಜನಕ ಇದೆಯೇ ನೋಡಿ. ಎತ್ತರದ ಒಂದೇ ಪ್ರಮಾಣದಲ್ಲಿ ಬೆಳವಣಿಗೆ ಥಟ್ಟನೆ ಸೊನ್ನೆಯಾದರೆ ಶುರುವಿನ ಪಿಎಚ್ ನೋಡಿ. ಆಮ್ಲೀಯ ವಸ್ತುವಿನ ಸ್ಟಾಕನ್ನು ತಟಸ್ಥಗೊಳಿಸದೆ ಹಾಕಿದ್ದರೆ ನೀವು ಅಳೆದದ್ದು ಹುಳಿಯ ವಿಷತ್ವ. ದ್ರಾವಕ ಬಳಸಿದ್ದರೆ ಅದು ಲೀಟರಿಗೆ 100 ಮಿಗ್ರಾಂ ದಾಟಬಾರದು ಮತ್ತು ದ್ರಾವಕದ ಕಂಟ್ರೋಲ್ ಬೇರೆ ಇರಲೇಬೇಕು. ಅದು ಮಬ್ಬಾದರೆ ಬ್ಯಾಕ್ಟೀರಿಯಾಗಳು ದ್ರಾವಕ ತಿಂದು ಬೆಳೆದಿವೆ.

ಬಟ್ಟೆಬಣ್ಣದ ಕಾರ್ಖಾನೆಗಳ ಡೈಗಳು ತಮ್ಮದೇ ತೊಡಕು ತರುತ್ತವೆ. ಬಣ್ಣ ಬೆಳಕನ್ನು ತಡೆದರೂ ಬೆಳವಣಿಗೆ ಇಳಿಯುತ್ತದೆ, ಅದು ವಿಷವಲ್ಲ, ನೆರಳು. ಅದೇ ಬಣ್ಣದ ದ್ರಾವಣವನ್ನು ಇನ್ನೊಂದು ಗಾಜಿನ ತಟ್ಟೆಯಲ್ಲಿ ಕಂಟ್ರೋಲ್ ಪಾಚಿಯ ಮೇಲೆ ಇಟ್ಟು, ಪಾಚಿಗೆ ತಾಗದಂತೆ ನೆರಳು ಮಾತ್ರ ಕೊಟ್ಟರೆ ಎಷ್ಟು ಪಾಲು ನೆರಳಿನದು ಎಂದು ತಿಳಿಯುತ್ತದೆ. ಇಂಥಲ್ಲಿ ಫ್ಲೋರಿಮೀಟರ್ ನಂಬಬೇಡಿ, ಕೋಶ ಎಣಿಸಿ. ಡೈಯುರಾನ್‌ನಂತೆ ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್ ಹರಿವನ್ನು ತಡೆಯುವ ವಸ್ತುಗಳಲ್ಲೂ ಎಣಿಕೆಯೇ ಬೇಕು, ಏಕೆಂದರೆ ಅವು ಪ್ರತಿ ಕೋಶದ ಹೊಳಪನ್ನು ಹೆಚ್ಚಿಸುತ್ತವೆ. ಪಾಚಿ ನಿಂತಿದ್ದರೂ ಮೀಟರ್ ಬೆಳೆಯಿತು ಎನ್ನುತ್ತದೆ. ಸತುವಿನಂಥ ಲೋಹ ಪರೀಕ್ಷಿಸುವಾಗ ಮೇಲೆ ಹೇಳಿದ ಇಡಿಟಿಎ ಲೆಕ್ಕ ಮತ್ತೆ ಬೇಕು. ಎಎಪಿಯಲ್ಲಿ ಇಡಿಟಿಎ ಒಇಸಿಡಿ ಮೀಡಿಯಂನ ಮೂರು ಪಟ್ಟು, ಅಲ್ಲಿ ಲೋಹ ಅಷ್ಟು ಸೌಮ್ಯವಾಗಿ ಕಾಣಬಹುದು.

ನಿಮ್ಮ ಸಂಖ್ಯೆ ಹಳೆಯ ವರದಿಗೆ ಹೊಂದುತ್ತಿಲ್ಲ ಎಂಬ ದೂರು ಬಂದರೆ, ಅಲ್ಲಿ ಅಳೆದದ್ದು ಬೆಳವಣಿಗೆ ದರವೋ ಇಳುವರಿಯೋ (ಕೊನೆಯ ಪಾಚಿಯಿಂದ ಶುರುವಿನದನ್ನು ಕಳೆದದ್ದು) ಎಂದು ಮೊದಲು ಕೇಳಿ. ಕಂಟ್ರೋಲ್ ದರ 1.6 ಇದ್ದಾಗ, ದರವನ್ನು ಅರ್ಧ ಮಾಡುವ ಪ್ರಮಾಣದಲ್ಲಿ ಇಳುವರಿ ಶೇ. 92ರಷ್ಟು ಕುಸಿದಿರುತ್ತದೆ. ಇಳುವರಿ ಅರ್ಧವಾಗಲು ದರ ಶೇ. 14 ಇಳಿದರೆ ಸಾಕು. ಎರಡೂ ಒಂದೇ ಫ್ಲಾಸ್ಕಿನಿಂದ ಬಂದ ಸಂಖ್ಯೆಗಳು, ಯಾವುದೂ ತಪ್ಪಲ್ಲ, ಆದರೆ ಒಂದರ ಪಕ್ಕ ಒಂದನ್ನು ಇಟ್ಟು ಹೋಲಿಸುವಂತಿಲ್ಲ.

ಮರುಪರೀಕ್ಷೆಗೆ ಮೊದಲು ರಾಸಾಯನಿಕವನ್ನು ಪೂರ್ತಿ ಬದಿಗಿಟ್ಟು ಬರೀ ಕಂಟ್ರೋಲ್‌ಗಳನ್ನು ಓಡಿಸಿ. ಕನಿಷ್ಠ ಆರು ಫ್ಲಾಸ್ಕ್, ದಿನವೂ ಎಣಿಕೆ, ಶುರುವಿನಲ್ಲಿ ಮತ್ತು ಕೊನೆಯಲ್ಲಿ ಪಿಎಚ್. ಅದು ಸರಿ ಬಂದರೆ ಪೊಟ್ಯಾಶಿಯಂ ಡೈಕ್ರೋಮೇಟ್ ಅಥವಾ 3,5-ಡೈಕ್ಲೋರೋಫೀನಾಲ್ ಸಾಲು ಹಾಕಿ. ಈ ಉಲ್ಲೇಖ ಪರೀಕ್ಷೆಯನ್ನು ವರ್ಷಕ್ಕೆ ಕನಿಷ್ಠ ಎರಡು ಸಲ ಮಾಡಬೇಕೆಂದಿದೆ, ಹಾಗಾಗಿ ನಿಮ್ಮ ಲ್ಯಾಬಿನ ಹಳೆಯ ಮೌಲ್ಯಗಳು ಚಾರ್ಟಿನಲ್ಲಿ ಇರಬೇಕು. ಡೈಕ್ರೋಮೇಟ್ ಈ ಪಾಚಿಯ ಬೆಳವಣಿಗೆ ದರವನ್ನು ಲೀಟರಿಗೆ 1 ಮಿಗ್ರಾಂ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಸುತ್ತದೆ. ನಿಮ್ಮ ಮೌಲ್ಯ ಹಳೆಯ ಚಾರ್ಟಿನೊಳಗೇ ಬಿದ್ದರೆ, ಅದೇ ಪ್ರೀ-ಕಲ್ಚರ್ ಮೂಲದಿಂದ, ಅದೇ ನೀರಿನಿಂದ, ಅದೇ ಶೇಕರಿನ ಮೇಲೆ, 3.2 ಪಟ್ಟಿಗಿಂತ ಹೆಚ್ಚಿಲ್ಲದ ಅಂತರದ ಐದು ಪ್ರಮಾಣಗಳಲ್ಲಿ ನಿಮ್ಮ ರಾಸಾಯನಿಕವನ್ನು ಹಾಕಿ. ಕೆಟ್ಟುಹೋದ ಮೊದಲ ಪರೀಕ್ಷೆಯ ಎಣಿಕೆ ಹಾಳೆಗಳನ್ನು ಕಾರಣದ ಸಮೇತ ಅದೇ ಕಡತದಲ್ಲಿ ಇಡಿ.